ಅಪ್ಪನ ಕಡೆಯವರನ್ನೂ ಬರೆದುಕೊಳ್ಳಿ

ಸ್ತನದಲ್ಲಿ ಗಂಟು ಅಂತ ಡಾಕ್ಟರ ಹತ್ತಿರ ಹೋದರೆ ಒಂದು ಪ್ರಶ್ನೆ ಬಂದೇ ಬರುತ್ತದೆ: "ಮನೇಲಿ ಯಾರಿಗಾದರೂ ಕ್ಯಾನ್ಸರ್ ಇತ್ತಾ?" ಹೆಚ್ಚಿನವರು ಅಮ್ಮನನ್ನು, ಅಮ್ಮನ ಅಕ್ಕತಂಗಿಯರನ್ನು ನೆನೆಸಿಕೊಂಡು "ಇಲ್ಲ" ಅಂದುಬಿಡುತ್ತಾರೆ. ಅಪ್ಪನ ಕಡೆಗೆ ಯೋಚನೆ ಹೋಗುವುದೇ ಇಲ್ಲ. ಹೆಂಗಸರ ಕಾಯಿಲೆ, ಬಂದರೆ ಅಮ್ಮನಿಂದಲೇ ಬರಬೇಕು ಎಂಬ ಎಣಿಕೆ.

ಈ ಎಣಿಕೆ ತಪ್ಪು, ಇದರಿಂದ ಆಗುವ ನಷ್ಟವೂ ದೊಡ್ಡದು. ಆನುವಂಶಿಕ ಸ್ತನ ಕ್ಯಾನ್ಸರ್‌ಗೆ ಮುಖ್ಯ ಕಾರಣವಾದ ಎರಡು ಜೀನುಗಳ ಪೈಕಿ ಬಿಆರ್‌ಸಿಎ-1 ಇರುವುದು 17ನೇ ಕ್ರೋಮೋಸೋಮಿನಲ್ಲಿ, ಬಿಆರ್‌ಸಿಎ-2 ಇರುವುದು 13ನೆಯದರಲ್ಲಿ. ಎರಡಕ್ಕೂ ಗಂಡು ಹೆಣ್ಣೆಂಬ ಭೇದವಿಲ್ಲ. ಪ್ರತಿಯೊಬ್ಬರಲ್ಲೂ ಈ ಜೀನಿನ ಎರಡು ಪ್ರತಿಗಳಿರುತ್ತವೆ, ಒಂದು ಅಪ್ಪನದು, ಇನ್ನೊಂದು ಅಮ್ಮನದು. ಅಪ್ಪನ ಎರಡು ಪ್ರತಿಗಳಲ್ಲಿ ಒಂದು ಕೆಟ್ಟಿದ್ದರೆ ಅದು ಮಗಳಿಗೆ ಬರುವ ಸಾಧ್ಯತೆ ಶೇ. 50, ಮಗನಿಗೂ ಶೇ. 50. ಅಪ್ಪ ಮಾತ್ರ ಎಂಬತ್ತರವರೆಗೆ ಗಟ್ಟಿಮುಟ್ಟಾಗಿ ಬದುಕಿರಬಹುದು. ಅಜ್ಜಿಯಲ್ಲಿ ಕಾಣಿಸಿಕೊಂಡ ಕಾಯಿಲೆ ಗಂಡುಮಕ್ಕಳ ಮೂಲಕ ಒಂದು ತಲೆಮಾರು ಸದ್ದಿಲ್ಲದೆ ದಾಟಿ ಮೊಮ್ಮಗಳಲ್ಲಿ ಎದ್ದು ಬರುವುದು ಹೀಗೆ.

ಮುಂದೆ ಹೋಗುವ ಮೊದಲು ಭಯದ ಅಳತೆಯನ್ನು ಸರಿಮಾಡಿಕೊಳ್ಳೋಣ. ಸ್ತನ ಕ್ಯಾನ್ಸರ್‌ಗಳಲ್ಲಿ ಒಂದೇ ಜೀನಿನ ದೋಷದಿಂದ ಬರುವಂಥವು ಶೇ. 5ರಿಂದ 10 ಮಾತ್ರ. 2001ರಲ್ಲಿ ಪ್ರಕಟವಾದ ಒಂದು ದೊಡ್ಡ ವಿಶ್ಲೇಷಣೆ 52 ಅಧ್ಯಯನಗಳನ್ನು ಒಟ್ಟುಗೂಡಿಸಿ, ಕಾಯಿಲೆ ಬಂದ 58 ಸಾವಿರಕ್ಕೂ ಹೆಚ್ಚು ಹೆಂಗಸರನ್ನು ಕಾಯಿಲೆ ಇಲ್ಲದ ಒಂದು ಲಕ್ಷಕ್ಕೂ ಹೆಚ್ಚು ಹೆಂಗಸರೊಂದಿಗೆ ಹೋಲಿಸಿತು. ಕಾಯಿಲೆ ಬಂದ ಒಂಬತ್ತು ಜನರಲ್ಲಿ ಎಂಟು ಜನರಿಗೆ ಅಮ್ಮ, ಅಕ್ಕತಂಗಿ, ಮಗಳು ಯಾರಲ್ಲೂ ಅದು ಇರಲಿಲ್ಲ. ಮನೆಯಲ್ಲಿ ಯಾರಿಗೂ ಇಲ್ಲ ಎಂದು ಗಂಟನ್ನು ಆರು ತಿಂಗಳು ಕಡೆಗಣಿಸುವವರು ಈ ಒಂದು ಅಂಕಿಯನ್ನು ನೆನಪಿಟ್ಟುಕೊಂಡರೆ ಸಾಕು.

ಅದೇ ವಿಶ್ಲೇಷಣೆಯ ಪ್ರಕಾರ ಅಮ್ಮ, ಒಡಹುಟ್ಟಿದ ಅಕ್ಕತಂಗಿ, ಮಗಳು ಇವರಲ್ಲಿ ಒಬ್ಬರಿಗೆ ಬಂದಿದ್ದರೆ ಅಪಾಯ ಸುಮಾರು 1.8 ಪಟ್ಟು, ಇಬ್ಬರಿಗೆ ಬಂದಿದ್ದರೆ 2.9 ಪಟ್ಟು, ಮೂವರಿಗೋ ಹೆಚ್ಚು ಜನರಿಗೋ ಬಂದಿದ್ದರೆ 3.9 ಪಟ್ಟು. "ಎರಡು ಪಟ್ಟು" ಎಂದು ಕೇಳಿದಾಗ ಎದೆ ಧಸಕ್ಕೆನ್ನುತ್ತದೆ, ನಿಜ. ಆದರೆ ಯಾವುದರ ಎರಡು ಪಟ್ಟು ಎಂದು ಕೇಳಬೇಕು. 2020ರ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿಯ ಅಂದಾಜಿನಂತೆ ಭಾರತದಲ್ಲಿ 75 ವರ್ಷದೊಳಗೆ 29 ಹೆಂಗಸರಲ್ಲಿ ಒಬ್ಬರಿಗೆ ಸ್ತನ ಕ್ಯಾನ್ಸರ್ ಬರಬಹುದು, ಅಂದರೆ ನೂರಕ್ಕೆ ಮೂರೂವರೆ. ಅದು ಎರಡು ಪಟ್ಟಾದರೆ ನೂರಕ್ಕೆ ಏಳು. ಉಳಿದ 93 ಜನರಿಗೆ ಬರುವುದಿಲ್ಲ. ಬೆಂಗಳೂರಿನಂಥ ನಗರಗಳಲ್ಲಿ ಮೂಲ ಅಂಕಿಯೇ ಸ್ವಲ್ಪ ಹೆಚ್ಚು, ಆದರೂ ಲೆಕ್ಕದ ದಾರಿ ಇದೇ. ಜೀನಿನ ದೋಷವೇ ಇದ್ದರೆ ಮಾತು ಬೇರೆ. ಬಿಆರ್‌ಸಿಎ-1ರಲ್ಲಿ 80 ವರ್ಷದೊಳಗೆ ಸ್ತನ ಕ್ಯಾನ್ಸರ್ ಬರುವ ಸಾಧ್ಯತೆ ಸುಮಾರು ಶೇ. 72, ಅಂಡಾಶಯದ ಕ್ಯಾನ್ಸರ್‌ನದು ಶೇ. 44. ಬಿಆರ್‌ಸಿಎ-2ರಲ್ಲಿ ಇವು ಶೇ. 69 ಮತ್ತು ಶೇ. 17. ಕುಟುಂಬದ ಚರಿತ್ರೆ ಬರೆಯುವುದೇ ಈ ಎರಡು ಗುಂಪುಗಳನ್ನು ಬೇರೆ ಮಾಡಲು. ನೂರಕ್ಕೆ ಏಳರ ಗುಂಪಿನಲ್ಲಿರುವವರು ಎಪ್ಪತ್ತರ ಗುಂಪಿನವರಂತೆ ಹೆದರಬಾರದು, ಎಪ್ಪತ್ತರ ಗುಂಪಿನವರು ಏಳರವರಂತೆ ಸುಮ್ಮನಿರಬಾರದು.

ಬರೆಯುವ ಕ್ರಮ ಕಷ್ಟದ್ದಲ್ಲ. ಒಂದು ದೊಡ್ಡ ಹಾಳೆಯನ್ನು ಅಡ್ಡ ಇಟ್ಟುಕೊಳ್ಳಿ. ಹೆಂಗಸರಿಗೆ ವೃತ್ತ, ಗಂಡಸರಿಗೆ ಚೌಕ, ತೀರಿಕೊಂಡವರಿಗೆ ಅದರ ಮೇಲೊಂದು ಓರೆಗೆರೆ. ಮೇಲಿನ ಸಾಲಿನಲ್ಲಿ ನಾಲ್ವರು ಅಜ್ಜ ಅಜ್ಜಿಯರು, ನಡುವೆ ಅಪ್ಪ ಅಮ್ಮ ಮತ್ತು ಅವರ ಒಡಹುಟ್ಟಿದವರು, ಕೆಳಗೆ ನೀವು, ನಿಮ್ಮ ಒಡಹುಟ್ಟಿದವರು, ಅಪ್ಪ ಅಮ್ಮ ಇಬ್ಬರ ಒಡಹುಟ್ಟಿದವರ ಮಕ್ಕಳು. ಕ್ಯಾನ್ಸರ್ ಬಂದವರನ್ನು ಕಪ್ಪಾಗಿ ತುಂಬಿ, ಪಕ್ಕದಲ್ಲಿ ಯಾವ ಅಂಗ, ಎಷ್ಟನೇ ವಯಸ್ಸಿನಲ್ಲಿ ಗೊತ್ತಾಯಿತು, ಒಂದೇ ಸ್ತನವೋ ಎರಡೂವೋ ಎಂದು ಬರೆಯಿರಿ. ಸತ್ತ ವಯಸ್ಸನ್ನು ಬರೆದು ಸುಮ್ಮನಾಗುವುದು ಎಲ್ಲರೂ ಮಾಡುವ ತಪ್ಪು. 52ಕ್ಕೆ ತೀರಿಕೊಂಡವರಿಗೆ ಕಾಯಿಲೆ ಗೊತ್ತಾದದ್ದು 44ಕ್ಕೆ ಇರಬಹುದು, ಲೆಕ್ಕಕ್ಕೆ ಬೇಕಾದದ್ದು 44. ಹುಟ್ಟಿದ ಇಸವಿ ನೆನಪಿಲ್ಲದಿದ್ದರೆ "ಕೊನೇ ಮಗನ ಮದುವೆಗೆ ಮೊದಲೋ ಆಮೇಲೋ", "ಮುಟ್ಟು ನಿಂತಿತ್ತೋ ಇಲ್ಲವೋ" ಎಂದು ಕೇಳಿ. ಉತ್ತರ ಬಹುಮಟ್ಟಿಗೆ ಸರಿಯಾಗಿಯೇ ಬರುತ್ತದೆ. ಆರೋಗ್ಯವಾಗಿರುವವರನ್ನೂ ವಯಸ್ಸಿನ ಸಮೇತ ಬರೆಯಬೇಕು. ಎಂಟು ಜನ ಹೆಂಗಸರಲ್ಲಿ ಒಬ್ಬರಿಗೆ ಬಂದದ್ದಕ್ಕೂ ಇಬ್ಬರಲ್ಲಿ ಒಬ್ಬರಿಗೆ ಬಂದದ್ದಕ್ಕೂ ಬಹಳ ವ್ಯತ್ಯಾಸವಿದೆ.

ನಮ್ಮ ಕಡೆ ಇದನ್ನು ಬರೆಯುವಾಗ ಎಡವುವ ಜಾಗ ಸಂಬಂಧದ ಹೆಸರುಗಳು. ಚಿಕ್ಕಮ್ಮ ಅಂದರೆ ಅಮ್ಮನ ತಂಗಿಯೂ ಆಗಬಹುದು, ಚಿಕ್ಕಪ್ಪನ ಹೆಂಡತಿಯೂ ಆಗಬಹುದು. ಮೊದಲನೆಯವರದು ರಕ್ತಸಂಬಂಧ, ಎರಡನೆಯವರಿಂದ ನಿಮಗೆ ಜೀನು ಬರುವುದಿಲ್ಲ. ಅತ್ತೆ ಅಂದರೆ ಅಪ್ಪನ ತಂಗಿಯೋ, ಸೋದರಮಾವನ ಹೆಂಡತಿಯೋ, ಗಂಡನ ತಾಯಿಯೋ? "ನಮ್ಮ ಅತ್ತೆಗೆ ಬ್ರೆಸ್ಟ್ ಕ್ಯಾನ್ಸರ್ ಆಗಿತ್ತು" ಎಂದಷ್ಟೇ ಹೇಳಿ ಬಂದರೆ ಡಾಕ್ಟರು ಯಾವ ಅತ್ತೆ ಎಂದು ತಿಳಿಯಬೇಕು? ಅಕ್ಕ, ತಂಗಿ ಎನ್ನುವಾಗಲೂ ಒಡಹುಟ್ಟಿದವರೋ ದೊಡ್ಡಪ್ಪನ ಮಕ್ಕಳೋ ಎಂದು ಬಿಡಿಸಿ ಹೇಳಿ. ಹಾಳೆಯ ಮೇಲೆ ಗೆರೆ ಎಳೆದು ತೋರಿಸಿದರೆ ಈ ಗೊಂದಲವೇ ಇರುವುದಿಲ್ಲ.

ಸೋದರಿಕೆಯಲ್ಲಿ ಮದುವೆಯಾದ ಮನೆಗಳಲ್ಲಿ ಇನ್ನೊಂದು ಎಚ್ಚರ ಬೇಕು. ಸೋದರಮಾವನನ್ನೇ ಮದುವೆಯಾದವರ ಮಕ್ಕಳಿಗೆ ಅಪ್ಪನ ತಾಯಿಯೂ ಅಮ್ಮನ ಅಜ್ಜಿಯೂ ಒಬ್ಬರೇ. ಆ ಒಬ್ಬ ಅಜ್ಜಿಯನ್ನು ಎರಡೂ ಕಡೆ ಬರೆದು ಎರಡು ಕೇಸು ಎಂದು ಎಣಿಸುವುದುಂಟು. ಗಂಡ ಹೆಂಡತಿಯ ನಡುವೆ ಜೋಡಿಗೆರೆ ಎಳೆದರೆ ಅದು ರಕ್ತಸಂಬಂಧದ ಮದುವೆ ಎಂದು ಆನುವಂಶಿಕ ಕಾಯಿಲೆಗಳನ್ನು ನೋಡುವ ಜೆನೆಟಿಕ್ಸ್‌ನವರಿಗೆ ಕೂಡಲೇ ತಿಳಿಯುತ್ತದೆ. ಇದು ಬರೀ ಲೆಕ್ಕದ ಅನುಕೂಲಕ್ಕಲ್ಲ. ಗಂಡ ಹೆಂಡತಿ ಇಬ್ಬರಲ್ಲೂ ಬಿಆರ್‌ಸಿಎ-2ರ ಒಂದೊಂದು ಪ್ರತಿ ಕೆಟ್ಟಿದ್ದರೆ, ಎರಡೂ ಕೆಟ್ಟ ಪ್ರತಿಗಳು ಒಂದೇ ಮಗುವಿಗೆ ಹೋಗುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅಂಥ ಮಗುವಿಗೆ ಬರುವುದು ಫ್ಯಾಂಕೋನಿ ಅನೀಮಿಯಾ ಎಂಬ, ಮೂಳೆಮಜ್ಜೆ ಸೋಲುವ ಗಂಭೀರ ಕಾಯಿಲೆ.

ಇನ್ನು ಹಳೆಯ ಸಾವುಗಳ ವಿಷಯ. "ಹೊಟ್ಟೆಯಲ್ಲಿ ನೀರು ತುಂಬಿ ಹೋದರು" ಎಂಬ ಮಾತು ಎಷ್ಟೋ ಮನೆಗಳಲ್ಲಿದೆ. ಅದು ಲಿವರ್ ಕಾಯಿಲೆಯೂ ಇರಬಹುದು, ಕ್ಷಯವೂ ಇರಬಹುದು. ಐವತ್ತರ ಆಸುಪಾಸಿನ ಹೆಂಗಸಾಗಿದ್ದರೆ ಅಂಡಾಶಯದ ಕ್ಯಾನ್ಸರ್ ಕೂಡ ಇರಬಹುದು. ಸ್ತನ ಮತ್ತು ಅಂಡಾಶಯ ಒಂದೇ ಕಡೆಯ ರಕ್ತಸಂಬಂಧಿಕರಲ್ಲಿ ಬಂದಿದ್ದರೆ ಬಿಆರ್‌ಸಿಎ ಅನುಮಾನ ಬಲವಾಗುತ್ತದೆ, ಹಾಗಾಗಿ ಖಚಿತವಿಲ್ಲದಿದ್ದರೂ "ಹೊಟ್ಟೆ ನೀರು, 52, ಕಾರಣ ತಿಳಿಯದು" ಎಂದು ಬರೆದಿಡಿ. "ಗರ್ಭಕೋಶ ತೆಗೆಸಿದ್ದರು" ಎಂದರೆ ಏಕೆ, ಯಾವ ವಯಸ್ಸಿನಲ್ಲಿ, ಅಂಡಾಶಯವನ್ನೂ ತೆಗೆದಿದ್ದರೇ ಎಂದು ಕೇಳಿ. ನಲವತ್ತರೊಳಗೆ ಅಂಡಾಶಯ ತೆಗೆಸಿಕೊಂಡವರಿಗೆ ಅಂಡಾಶಯದ ಕ್ಯಾನ್ಸರ್ ಬರುವ ದಾರಿಯೇ ಬಹುಮಟ್ಟಿಗೆ ಮುಚ್ಚಿರುತ್ತದೆ. ಅವರ ಆರೋಗ್ಯವನ್ನು ಜೀನಿನ ದೋಷ ಇಲ್ಲದ್ದಕ್ಕೆ ಸಾಕ್ಷಿ ಎಂದು ಹಿಡಿಯಲಾಗದು. "ಎದೆಗಡ್ಡೆ ಒಡೆದು ಹುಣ್ಣಾಗಿತ್ತು" ಎಂಬುದು ಯಾವ ರಿಪೋರ್ಟೂ ಇಲ್ಲದ ಕಾಲದ ಮಾತಾದರೂ ಸ್ತನ ಕ್ಯಾನ್ಸರ್‌ನ ಕಡೆಗೇ ಬೆರಳು ಮಾಡುತ್ತದೆ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಹಾಸನದ ಕಡೆಯ 32 ವರ್ಷದ ಹೆಂಗಸು ಎಂದುಕೊಳ್ಳಿ. ಅಮ್ಮನ ಅಕ್ಕನಿಗೆ 67ಕ್ಕೆ ಸ್ತನ ಕ್ಯಾನ್ಸರ್ ಬಂದು ಚಿಕಿತ್ಸೆಯಾಗಿ ಚೆನ್ನಾಗಿದ್ದಾರೆ. ಅಪ್ಪನ ತಂಗಿ 41ಕ್ಕೆ ಎದೆಗಡ್ಡೆಯಿಂದ ಹೋದರು. ಅಪ್ಪನ ತಾಯಿ 52ಕ್ಕೆ, ಹೊಟ್ಟೆಯಲ್ಲಿ ನೀರು. ಅಪ್ಪನ ಅಣ್ಣನಿಗೆ 58ಕ್ಕೆ ಪ್ರಾಸ್ಟೇಟ್ ಕ್ಯಾನ್ಸರ್, ಮೂಳೆಗೆ ಹರಡಿದೆ. ಅಪ್ಪ 62, ಬಿಪಿ ಬಿಟ್ಟರೆ ಏನೂ ಇಲ್ಲ. ಈಕೆ ಡಾಕ್ಟರಿಗೆ ಹೇಳುವುದು ದೊಡ್ಡಮ್ಮನ ವಿಷಯವೊಂದನ್ನೇ, ಏಕೆಂದರೆ ಮನೆಯಲ್ಲಿ "ಬ್ರೆಸ್ಟ್ ಕ್ಯಾನ್ಸರ್" ಎಂಬ ಹೆಸರಿನಿಂದ ಕರೆದದ್ದು ಅದೊಂದನ್ನೇ. ಆದರೆ ಮುಟ್ಟು ನಿಂತು ಬಹಳ ವರ್ಷದ ಮೇಲೆ ಒಬ್ಬರಿಗೆ ಬಂದ ಕಾಯಿಲೆಗೆ ಈ ಹಾಳೆಯಲ್ಲಿ ತೂಕ ಕಡಿಮೆ. ತೂಕವಿರುವುದೆಲ್ಲ ಅಪ್ಪನ ಕಡೆಯೇ: ಐವತ್ತರೊಳಗೆ ಸ್ತನ, ಅಂಡಾಶಯದ ಅನುಮಾನ, ಹರಡಿದ ಪ್ರಾಸ್ಟೇಟ್. ಮೂರೂ ಬಿಆರ್‌ಸಿಎ-2ಗೆ ಹೊಂದುತ್ತವೆ.

ಈ ಮನೆಯಲ್ಲಿ ಮೊದಲು ಪರೀಕ್ಷೆ ಮಾಡಿಸಬೇಕಾದವರು ಆ ಹೆಂಗಸಲ್ಲ, ಪ್ರಾಸ್ಟೇಟ್ ಕ್ಯಾನ್ಸರ್ ಬಂದ ದೊಡ್ಡಪ್ಪ. ಬದುಕಿರುವವರಲ್ಲಿ ಆ ಕಡೆಯ ಕಾಯಿಲೆ ಬಂದವರು ಅವರೊಬ್ಬರೇ. ಅವರಲ್ಲಿ ದೋಷ ಸಿಕ್ಕಿದರೆ ಅದೇ ಒಂದು ಜಾಗವನ್ನು ಅಪ್ಪನ ರಕ್ತದಲ್ಲಿ ನೋಡುತ್ತಾರೆ. ಅಪ್ಪನಲ್ಲಿ ಇಲ್ಲದಿದ್ದರೆ ಮಗಳಿಗೆ ಆ ದಾರಿಯಿಂದ ಬಂದಿಲ್ಲ ಎಂದು ಖಚಿತವಾಗಿ ಹೇಳಬಹುದು. ಅಪ್ಪನಲ್ಲಿ ಇದ್ದರೆ ಮಗಳದು ಐವತ್ತು ಐವತ್ತು, ಆಗ ಆಕೆಯ ಪರೀಕ್ಷೆ. ದೊಡ್ಡಪ್ಪನಲ್ಲಿ ಸಿಗದಿದ್ದರೆ ಅತ್ತೆಯಲ್ಲಿ ಇರಲಿಲ್ಲ ಎಂದು ಹೇಳಲಾಗದು, ಪ್ರಾಸ್ಟೇಟ್ ಕ್ಯಾನ್ಸರ್ ವಯಸ್ಸಾದವರಿಗೆ ತಾನಾಗಿಯೂ ಬರುತ್ತದೆ. ಆಗ ಅಪ್ಪನ ರಕ್ತದಲ್ಲಿ ಪೂರ್ತಿ ಪ್ಯಾನಲ್, ಅಂದರೆ ಹಲವು ಜೀನುಗಳನ್ನು ಒಟ್ಟಿಗೆ, ನೋಡುವುದೇ ಸರಿ.

ಈ ಕ್ರಮವನ್ನು ತಲೆಕೆಳಗು ಮಾಡುವುದೇ ಅತಿ ಹೆಚ್ಚು ಆಗುವ ತಪ್ಪು. ಕಾಯಿಲೆ ಬಂದ ಅಮ್ಮನನ್ನು ಬಿಟ್ಟು ಆರೋಗ್ಯವಂತ ಮಗಳು ನೇರ ಲ್ಯಾಬಿಗೆ ಹೋಗಿ "ನೆಗೆಟಿವ್" ರಿಪೋರ್ಟ್ ತರುತ್ತಾಳೆ, ಮನೆಯವರೆಲ್ಲ ನಿಟ್ಟುಸಿರು ಬಿಡುತ್ತಾರೆ. ಆ ನೆಗೆಟಿವ್‌ಗೆ ಎರಡು ಅರ್ಥವಿದೆ. ಅಮ್ಮನಲ್ಲಿದ್ದ ದೋಷ ಮಗಳಿಗೆ ಬಂದಿಲ್ಲ ಎಂಬುದು ಒಂದು. ಅಮ್ಮನ ಕ್ಯಾನ್ಸರ್‌ಗೆ ಈ ಪ್ಯಾನಲ್ ಹಿಡಿಯಲಾರದ ಬೇರೆ ಕಾರಣವಿತ್ತು ಎಂಬುದು ಇನ್ನೊಂದು. ಅಮ್ಮನ ರಿಪೋರ್ಟ್ ಇಲ್ಲದೆ ಯಾವುದೆಂದು ಹೇಳಲಾಗದು. ಅಮ್ಮನಲ್ಲಿ ದೋಷ ಸಿಕ್ಕಿ ಮಗಳಲ್ಲಿ ಸಿಗದಿದ್ದರೆ ಮಾತ್ರ ಅದು ನಿಜವಾದ ನೆಗೆಟಿವ್. ಅಮ್ಮನಿಗೂ ಇದರಿಂದ ನೇರ ಉಪಯೋಗವುಂಟು. ಬಿಆರ್‌ಸಿಎ ದೋಷವಿದ್ದರೆ ಒಲಾಪರಿಬ್‌ನಂಥ ಮಾತ್ರೆಗಳು ಕೆಲವರ ಚಿಕಿತ್ಸೆಯಲ್ಲಿ ಸೇರುತ್ತವೆ, ಇನ್ನೊಂದು ಸ್ತನದ ಬಗ್ಗೆ ನಿರ್ಧಾರವೂ ಬದಲಾಗಬಹುದು.

ಹಾಗಾದರೆ ಯಾರು ಜೆನೆಟಿಕ್ಸ್‌ನವರನ್ನು ಕಾಣಲೇಬೇಕು? ಮನೆಯಲ್ಲಿ ಯಾರಿಗಾದರೂ 50ರೊಳಗೆ ಸ್ತನ ಕ್ಯಾನ್ಸರ್ ಬಂದಿದ್ದರೆ, ಯಾವುದೇ ವಯಸ್ಸಿನಲ್ಲಿ ಟ್ರಿಪಲ್ ನೆಗೆಟಿವ್ (ಇಆರ್, ಪಿಆರ್, ಹರ್-2 ಎಂಬ ಮೂರು ಗುರುತುಗಳೂ ಇಲ್ಲದ) ಬಗೆಯದು ಬಂದಿದ್ದರೆ, ಎರಡೂ ಸ್ತನಗಳಲ್ಲಿ ಬಂದಿದ್ದರೆ, ಅಂಡಾಶಯ ಅಥವಾ ಪ್ಯಾಂಕ್ರಿಯಾಸ್ ಕ್ಯಾನ್ಸರ್ ಇದ್ದರೆ, ಒಂದೇ ಕಡೆಯ ಮೂವರಿಗೆ ಸ್ತನ ಕ್ಯಾನ್ಸರ್ ಬಂದಿದ್ದರೆ. ಗಂಡಸಿಗೆ ಸ್ತನ ಕ್ಯಾನ್ಸರ್ ಬಂದಿದ್ದರಂತೂ ಬೇರೆ ಯಾವ ಕಾರಣವೂ ಬೇಡ. ಭಾರತದಲ್ಲಿ ಈ ಕಾಯಿಲೆ ಪಾಶ್ಚಾತ್ಯ ದೇಶಗಳಿಗಿಂತ ಸುಮಾರು ಹತ್ತು ವರ್ಷ ಮೊದಲೇ ಕಾಣಿಸಿಕೊಳ್ಳುತ್ತದೆ, ಆದ್ದರಿಂದ 50ರೊಳಗಿನ ಕೇಸುಗಳೆಲ್ಲ ಆನುವಂಶಿಕವೇ ಎಂದು ತಿಳಿಯಬೇಕಿಲ್ಲ. ಅವು ಪರೀಕ್ಷೆಗೆ ಅರ್ಹ, ಅಷ್ಟೇ. ಇನ್ನು ಹಾಳೆ ತುಂಬ ಚಿಕ್ಕದಾಗಿರುವವರು, ಅಂದರೆ ಅಪ್ಪ ಒಬ್ಬನೇ ಮಗ, ಅಜ್ಜಿ ಹೆರಿಗೆಯಲ್ಲೇ ಹೋದರು, ಅತ್ತೆಯರೇ ಇಲ್ಲ ಎನ್ನುವವರು, "ಯಾರಿಗೂ ಇಲ್ಲ" ಎಂಬುದನ್ನು ಸಮಾಧಾನವಾಗಿ ತೆಗೆದುಕೊಳ್ಳಬಾರದು. ಕಾಯಿಲೆ ಕಾಣಿಸಿಕೊಳ್ಳಲು ಆ ಕಡೆ ಹೆಂಗಸರೇ ಇರಲಿಲ್ಲ.

ಇಂಟರ್ನೆಟ್ಟಿನಲ್ಲಿ ಸಿಗುವ ಅಪಾಯದ ಕ್ಯಾಲ್ಕುಲೇಟರುಗಳ ಬಗ್ಗೆ ಒಂದು ಮಾತು. ಗೇಲ್ ಮಾದರಿ ಎಂಬ ಹೆಸರಾಂತ ಲೆಕ್ಕ ಅಮ್ಮ, ಒಡಹುಟ್ಟಿದವರು, ಮಗಳನ್ನು ಮಾತ್ರ ಕೇಳುತ್ತದೆ, ಅವರಿಗೆ ಬಂದ ವಯಸ್ಸನ್ನೂ ಕೇಳುವುದಿಲ್ಲ. ಮೇಲಿನ ಹಾಸನದ ಉದಾಹರಣೆಯನ್ನು ಅದಕ್ಕೆ ಹಾಕಿದರೆ ಕುಟುಂಬದ ಚರಿತ್ರೆ ಶೂನ್ಯ! ಟೈರರ್-ಕ್ಯೂಸಿಕ್ ಮತ್ತು ಕ್ಯಾನ್‌ರಿಸ್ಕ್ ಎರಡೂ ಅಪ್ಪನ ಕಡೆಯನ್ನೂ ಅಂಡಾಶಯವನ್ನೂ ವಯಸ್ಸನ್ನೂ ಪರಿಗಣಿಸುತ್ತವೆ. ಆದರೆ ಇವೆಲ್ಲ ಪಾಶ್ಚಾತ್ಯ ಹೆಂಗಸರ ಅಂಕಿಗಳ ಮೇಲೆ ಕಟ್ಟಿದವು, ಬರುವ ಶೇಕಡಾವಾರನ್ನು ನಮ್ಮವರಿಗೆ ನೇರವಾಗಿ ಅನ್ವಯಿಸಬೇಡಿ. ಅಮೆರಿಕದಲ್ಲಿರುವ ಕನ್ನಡಿಗರು ಮನೆಗೆ ತರಿಸಿಕೊಳ್ಳುವ ಉಗುಳಿನ ಕಿಟ್‌ಗಳಿಗೂ ಇಂಥದೇ ಮಿತಿ. ಅವು ಆಯ್ದ ಕೆಲವೇ ದೋಷಗಳನ್ನು ನೋಡುತ್ತವೆ. ಗೊತ್ತಿರುವ ಬಿಆರ್‌ಸಿಎ ದೋಷಗಳು ಸಾವಿರಾರು.

ಸರಿಯಾದ ಪರೀಕ್ಷೆಗೆ ಬೇಕಾದದ್ದು ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಕೆಲವು ಎಂ.ಎಲ್. ರಕ್ತ. ಉಪವಾಸ ಬೇಡ. ರಿಪೋರ್ಟಿಗೆ ಸಾಮಾನ್ಯವಾಗಿ ಮೂರು ನಾಲ್ಕು ವಾರ. ಲ್ಯಾಬಿನವರನ್ನು ಎರಡು ಪ್ರಶ್ನೆ ಕೇಳಿ. ಪ್ಯಾನಲಿನಲ್ಲಿ ಬಿಆರ್‌ಸಿಎ ಎರಡರ ಜೊತೆಗೆ ಪಿಎಎಲ್‌ಬಿ-2, ಟಿಪಿ-53, ಚೆಕ್-2, ಎಟಿಎಂ ಎಂಬ ಜೀನುಗಳೂ ಇವೆಯೇ? ಜೀನಿನ ದೊಡ್ಡ ತುಂಡೇ ಬಿಟ್ಟುಹೋಗಿದ್ದರೆ ಅದನ್ನು ಹಿಡಿಯುವ ಎಂಎಲ್‌ಪಿಎ ಅಥವಾ ಅದಕ್ಕೆ ಸಮನಾದ ವಿಧಾನ ಸೇರಿದೆಯೇ? ರೋಗಿಗೆ ಹಿಂದೆ ಬೇರೆಯವರ ಮೂಳೆಮಜ್ಜೆ ಕಸಿ ಆಗಿದ್ದರೆ ಮೊದಲೇ ಹೇಳಬೇಕು, ಏಕೆಂದರೆ ರಕ್ತದಲ್ಲಿ ಸಿಗುವುದು ದಾನಿಯ ಜೀನು.

ರಿಪೋರ್ಟಿನಲ್ಲಿ ಬರುವ ಒಂದು ಸಾಲು ಹೀಗಿರಬಹುದು: ಬಿಆರ್‌ಸಿಎ-1, ಸಿ.68_69ಡೆಲ್‌ಎಜಿ, ಹೆಟೆರೊಝೈಗಸ್, ಪ್ಯಾಥೊಜೆನಿಕ್. ಜೀನಿನ ಓದುವ ಭಾಗದ 68, 69ನೇ ಜಾಗದಲ್ಲಿ ಎ ಮತ್ತು ಜಿ ಎಂಬ ಎರಡು ಅಕ್ಷರಗಳು ಬಿಟ್ಟುಹೋಗಿವೆ ಎಂದು ಇದರ ಅರ್ಥ. ಜೀನನ್ನು ಮೂರು ಮೂರು ಅಕ್ಷರಗಳಾಗಿ ಓದುವುದರಿಂದ ಎರಡು ತಪ್ಪಿದರೆ ಮುಂದಿನದೆಲ್ಲ ತಪ್ಪು ಓದಾಗಿ, ಡಿಎನ್‌ಎ ರಿಪೇರಿ ಮಾಡಬೇಕಾದ ಪ್ರೋಟೀನು ಅರ್ಧಕ್ಕೇ ನಿಂತುಹೋಗುತ್ತದೆ. ಪ್ಯಾಥೊಜೆನಿಕ್ ಎಂದರೆ ಕಾಯಿಲೆಗೆ ಕಾರಣವಾಗಬಲ್ಲ ದೋಷ. ಹೆಟೆರೊಝೈಗಸ್ ಎಂದರೆ ಎರಡರಲ್ಲಿ ಒಂದು ಪ್ರತಿ ಮಾತ್ರ ಕೆಟ್ಟಿದೆ, ಇನ್ನೊಂದು ಸರಿಯಿದೆ. ಯಾವುದೋ ಒಂದು ಜೀವಕೋಶದಲ್ಲಿ ಆ ಸರಿಯಿರುವ ಪ್ರತಿಯೂ ಕೆಟ್ಟಾಗ ಕ್ಯಾನ್ಸರ್‌ಗೆ ದಾರಿಯಾಗುತ್ತದೆ. ದೋಷವಿರುವ ಎಲ್ಲರಿಗೂ ಕಾಯಿಲೆ ಬರದಿರುವುದು, ಬಂದರೂ ಬೇರೆ ಬೇರೆ ವಯಸ್ಸಿನಲ್ಲಿ ಬರುವುದು ಇದಕ್ಕೇ. ಹಳೆಯ ರಿಪೋರ್ಟುಗಳಲ್ಲಿ ಇದೇ ದೋಷ 185ಡೆಲ್‌ಎಜಿ ಎಂದಿರುತ್ತದೆ, ಎಣಿಕೆ ಶುರುಮಾಡುವ ಜಾಗ ಬೇರೆಯಾಗಿದ್ದರಿಂದ. ಅಮ್ಮನ ರಿಪೋರ್ಟಿನಲ್ಲಿ ಹಳೆಯ ಹೆಸರು, ಮಗಳದರಲ್ಲಿ ಹೊಸ ಹೆಸರು ಬಂದರೆ ಬೇರೆ ಬೇರೆ ಎಂದು ಗಾಬರಿಯಾಗಬೇಡಿ. ಯಹೂದಿ ಸಮುದಾಯದಲ್ಲಿ ಹೆಚ್ಚಾಗಿ ಕಾಣುವ ಈ ದೋಷ ದಕ್ಷಿಣ ಭಾರತದ ಹೆಂಗಸರಲ್ಲೂ ಮತ್ತೆ ಮತ್ತೆ ಸಿಕ್ಕಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಪಾಲ್ಗೊಂಡ ಅಧ್ಯಯನವೊಂದು 2009ರಲ್ಲೇ ಇದನ್ನು ವರದಿ ಮಾಡಿತ್ತು.

ಕೊನೆಯ ಪದ ಪ್ಯಾಥೊಜೆನಿಕ್ ಬದಲು "ವಿಯುಎಸ್" ಎಂದಿದ್ದರೆ? ಅಕ್ಷರ ಬದಲಾಗಿದೆ, ಅದರಿಂದ ಕೆಡುಕಾಗುತ್ತದೋ ಇಲ್ಲವೋ ಇನ್ನೂ ತಿಳಿದಿಲ್ಲ ಎಂದರ್ಥ. ಜಗತ್ತಿನ ಜೀನು ಭಂಡಾರಗಳಲ್ಲಿ ಭಾರತೀಯರ ಮಾಹಿತಿ ಕಡಿಮೆ, ಹೀಗಾಗಿ ನಮ್ಮ ರಿಪೋರ್ಟುಗಳಲ್ಲಿ ವಿಯುಎಸ್ ಹೆಚ್ಚು ಬರುತ್ತದೆ. ಇವುಗಳಲ್ಲಿ ಬಹುಪಾಲು ಮುಂದೆ ನಿರಪಾಯವೆಂದೇ ತೀರ್ಮಾನವಾಗುತ್ತವೆ. ವಿಯುಎಸ್ ನೋಡಿ ಸ್ತನ ತೆಗೆಸಬಾರದು, ಅಂಡಾಶಯ ತೆಗೆಸಬಾರದು, ಅದಕ್ಕಾಗಿ ಮನೆಯವರನ್ನೆಲ್ಲ ಪರೀಕ್ಷೆಗೆ ಕಳಿಸಲೂಬಾರದು. ವರ್ಷಕ್ಕೊಮ್ಮೆ ಲ್ಯಾಬಿಗೆ ಕೇಳಿ, ವರ್ಗ ಬದಲಾಗಿದೆಯೇ ಎಂದು. ಅಲ್ಲಿಯವರೆಗೆ ನಿಗಾ ಇಡುವುದು ಕುಟುಂಬದ ಹಾಳೆಯ ಪ್ರಕಾರ.

ದೋಷ ಖಚಿತವಾದವರಿಗೆ ದಾರಿಗಳಿವೆ. ಬಿಆರ್‌ಸಿಎ ದೋಷ ಇರುವ ಹೆಂಗಸರಿಗೆ 25ನೇ ವಯಸ್ಸಿನಿಂದ, ಆರರಿಂದ ಹನ್ನೆರಡು ತಿಂಗಳಿಗೊಮ್ಮೆ ಡಾಕ್ಟರ ಕೈಪರೀಕ್ಷೆ ಮತ್ತು ವರ್ಷಕ್ಕೊಮ್ಮೆ ಎಂಆರ್‌ಐ, 30ರಿಂದ ಅದರ ಜೊತೆಗೆ ಮ್ಯಾಮೊಗ್ರಾಮ್ (ಸ್ತನದ ಎಕ್ಸ್‌ರೇ). ಎಂಆರ್‌ಐ ಎಂದರೆ ಯಾವುದೋ ಒಂದು ಎಂಆರ್‌ಐ ಅಲ್ಲ. ಸ್ತನಕ್ಕೇ ಮೀಸಲಾದ ಕಾಯಿಲ್ (ಸಂಕೇತ ಹಿಡಿಯುವ ಸಾಧನ) ಇರಬೇಕು, ಬೋರಲು ಮಲಗಿಸಿ ಕಾಂಟ್ರಾಸ್ಟ್ ಔಷಧಿ ಕೊಟ್ಟು ಮಾಡಬೇಕು. ಮುಟ್ಟಾಗುವವರಿಗೆ ಮುಟ್ಟಿನ 7ರಿಂದ 15ನೇ ದಿನದೊಳಗೆ ಮಾಡಿದರೆ ಸುಳ್ಳು ಗುರುತುಗಳು ಕಡಿಮೆ. ಅಂಡಾಶಯಕ್ಕೆ ನೆಚ್ಚಬಹುದಾದ ಸ್ಕ್ರೀನಿಂಗ್ ಇಲ್ಲ, ಸ್ಕ್ಯಾನ್ ಮತ್ತು ಸಿಎ-125 ಎಂಬ ರಕ್ತಪರೀಕ್ಷೆ ಎರಡೂ ತಡವಾಗಿ ಹಿಡಿಯುತ್ತವೆ. ಅದಕ್ಕೇ ಮಕ್ಕಳಾದ ಮೇಲೆ ಬಿಆರ್‌ಸಿಎ-1 ಇದ್ದವರಿಗೆ 35ರಿಂದ 40ರೊಳಗೆ, ಬಿಆರ್‌ಸಿಎ-2 ಇದ್ದವರಿಗೆ 40ರಿಂದ 45ರೊಳಗೆ ಅಂಡಾಶಯ ಮತ್ತು ಅಂಡನಾಳ ಎರಡನ್ನೂ ತೆಗೆಸಲು ಹೇಳುತ್ತಾರೆ. ಮುಟ್ಟು ಒಮ್ಮೆಲೇ ನಿಲ್ಲುವುದರಿಂದ ಮೂಳೆ ಸವೆತ, ಮೈ ಬಿಸಿಯಾಗುವುದು, ನಿದ್ದೆಗೇಡು ಇವೆಲ್ಲ ಬರುತ್ತವೆ. ಇವನ್ನು ಆಪರೇಷನ್ನಿಗೆ ಮೊದಲೇ ಕೂತು ಮಾತಾಡಬೇಕು. ಎರಡೂ ಸ್ತನ ತೆಗೆಸಿದರೆ ಅಪಾಯ ಶೇ. 90ರಷ್ಟು ಇಳಿಯುತ್ತದೆ. ಅದು ಆಯ್ಕೆ, ಕಡ್ಡಾಯವಲ್ಲ, ಯಾರೂ ಆತುರಪಡಿಸಬಾರದು.

ಜೀನಿನ ದೋಷ ಸಿಗದಿದ್ದರೂ ಅಮ್ಮನಿಗೋ ಅಕ್ಕನಿಗೋ ಬಂದಿದ್ದರೆ ಸಾಮಾನ್ಯ ಕ್ರಮ ಸುಲಭ: ಅವರಿಗೆ ಗೊತ್ತಾದ ವಯಸ್ಸಿಗಿಂತ ಹತ್ತು ವರ್ಷ ಮೊದಲು ಮ್ಯಾಮೊಗ್ರಾಮ್ ಶುರು, ಆದರೆ 30ಕ್ಕಿಂತ ಮುಂಚೆ ಅಲ್ಲ. ಅಮ್ಮನಿಗೆ 46ಕ್ಕೆ ಬಂದಿದ್ದರೆ ಮಗಳಿಗೆ 36ಕ್ಕೆ.

ದೋಷವಿರುವ ಗಂಡಸರನ್ನು ಬಿಡುವಂತಿಲ್ಲ. ಬಿಆರ್‌ಸಿಎ-2 ಇರುವವರು 40ರಿಂದ ಪ್ರಾಸ್ಟೇಟ್‌ಗೆ ಪಿಎಸ್‌ಎ ಎಂಬ ರಕ್ತಪರೀಕ್ಷೆ ಮಾಡಿಸಬೇಕು, ಎದೆಯ ತೊಟ್ಟಿನ ಹಿಂದೆ ಗಂಟು ಕಂಡರೆ ನಾಚಿಕೊಳ್ಳದೆ ತೋರಿಸಬೇಕು. ಅವರ ಹೆಣ್ಣುಮಕ್ಕಳಿಗೆ ವಿಷಯ ತಿಳಿಯುವುದೂ ಅವರಿಂದಲೇ.

ಈ ತಿಳಿಸುವ ಕೆಲಸದಲ್ಲೇ ನಮ್ಮ ಮನೆಗಳು ಸೋಲುವುದು. ಮಗಳ ಸಂಬಂಧ ತಪ್ಪೀತು ಎಂದು ಅಮ್ಮನ ಕಾಯಿಲೆಯನ್ನು ಮುಚ್ಚಿಡುತ್ತಾರೆ, ತಂಗಿಗೆ ಹೇಳುವುದಿಲ್ಲ, ದಾಯಾದಿಗಳಿಗಂತೂ ಇಲ್ಲವೇ ಇಲ್ಲ. ಆ ಭಯ ಎಲ್ಲಿಂದ ಬರುತ್ತದೆ ಎಂದು ಅರ್ಥವಾಗುತ್ತದೆ. ಆದರೂ ಅತ್ತೆಗೆ 38ಕ್ಕೆ ಬಂದದ್ದು ಗೊತ್ತಿದ್ದರೆ 30ಕ್ಕೇ ಪರೀಕ್ಷೆಗೆ ಹೋಗುತ್ತಿದ್ದ ಹುಡುಗಿ, ಗೊತ್ತಿಲ್ಲದೆ 37ಕ್ಕೆ ಮೂರನೇ ಹಂತದಲ್ಲಿ ಬರುವುದನ್ನು ಒಪ್ಪಿಕೊಳ್ಳಲು ಸಾಧ್ಯವಿಲ್ಲ. ಬಾಯಿಬಿಟ್ಟು ಹೇಳಲು ಕಷ್ಟವಾದರೆ ಜೆನೆಟಿಕ್ ಕೌನ್ಸೆಲರ್ ಹತ್ತಿರ ಸಂಬಂಧಿಕರಿಗೆ ಕೊಡುವ ಪತ್ರ ಬರೆಸಿಕೊಳ್ಳಿ. ಅದರಲ್ಲಿ ಜೀನಿನ ಹೆಸರು ಮತ್ತು ದೋಷದ ಸಂಖ್ಯೆ ಇದ್ದರೆ ಸಾಕು, ರೋಗಿಯ ಹೆಸರು ಬೇಕಿಲ್ಲ. ಆ ಸಂಖ್ಯೆ ಕೈಯಲ್ಲಿದ್ದರೆ ಉಳಿದವರಿಗೆ ಪೂರ್ತಿ ಪ್ಯಾನಲ್ ಬೇಕಿಲ್ಲ, ಆ ಒಂದು ಜಾಗವನ್ನು ಮಾತ್ರ ನೋಡಿದರಾಯಿತು, ಖರ್ಚೂ ಬಹಳ ಕಡಿಮೆ. 18 ತುಂಬದ ಮಕ್ಕಳಿಗೆ ಬಿಆರ್‌ಸಿಎ ಪರೀಕ್ಷೆ ಮಾಡಿಸುವುದಿಲ್ಲ, ದೊಡ್ಡವರಾದ ಮೇಲೆ ಅವರೇ ತೀರ್ಮಾನಿಸಲಿ.

ಕೌನ್ಸೆಲರ್ ಬಳಿ ಹೋಗುವಾಗ ಹಾಳೆಯ ಜೊತೆ ಕಾಯಿಲೆ ಬಂದವರ ಬಯಾಪ್ಸಿ ರಿಪೋರ್ಟ್, ಇಆರ್, ಪಿಆರ್, ಹರ್-2 ಇರುವ ಐಎಚ್‌ಸಿ ರಿಪೋರ್ಟ್, ಡಿಸ್ಚಾರ್ಜ್ ಸಮ್ಮರಿ, ಗರ್ಭಕೋಶದ ಆಪರೇಷನ್ನಿನ ಕಾಗದ ತೆಗೆದುಕೊಂಡು ಹೋಗಿ. ಕಳೆದುಹೋಗಿದ್ದರೆ ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ಐಪಿ ನಂಬರ್ ಕೊಟ್ಟು ಕೇಳಿ. ಕಾಯಿಲೆ ಬಂದವರು ಹಾಸಿಗೆ ಹಿಡಿದಿದ್ದು, ಪರೀಕ್ಷೆಯ ಮಾತು ಈಗ ಬೇಡ ಎನಿಸಿದರೆ, ಅವರ ಒಪ್ಪಿಗೆ ಪಡೆದು ಒಂದು ಟ್ಯೂಬ್ ರಕ್ತ ಕೊಟ್ಟು ಡಿಎನ್‌ಎ ತೆಗೆದಿಡಲು ಸಾಧ್ಯವೇ ಎಂದು ಜೆನೆಟಿಕ್ಸ್ ವಿಭಾಗದಲ್ಲಿ ವಿಚಾರಿಸಿ. ಪರೀಕ್ಷೆಯನ್ನು ವರ್ಷ ಬಿಟ್ಟೂ ಮಾಡಬಹುದು, ರಕ್ತವನ್ನು ಮಾತ್ರ ಅವರಿರುವಾಗಲೇ ತೆಗೆದಿಡಬೇಕು.